ಸಕ್ಕರೆ ‘ನಾರ್ಮಲ್’, ಅಜ್ಜಿ ಮಾತ್ರ ಕರಗುತ್ತಿದ್ದರು: ಜಗಳೂರು ಕಡೆಯ ಒಂದು ಪ್ರಕರಣ

ಬಿಪಿ–ಶುಗರ್ ಕಾರ್ಡಿನಲ್ಲಿ ನಾಲ್ಕು ಅಂಕಣ: ದಿನಾಂಕ, ರಕ್ತದೊತ್ತಡ, ಸಕ್ಕರೆ, ತೂಕ. ಈ ಅಜ್ಜಿಯ ಕಾರ್ಡಿನಲ್ಲಿ ನಾಲ್ಕೂ ತುಂಬಿದ್ದವು. ಎಂಟು ತಿಂಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 142ರಿಂದ 118ಕ್ಕೆ, 96ಕ್ಕೆ, ಕೊನೆಗೆ 84ಕ್ಕೆ ಬಂದಿತ್ತು. ಪ್ರತಿ ಸಲವೂ ‘ಚೆನ್ನಾಗಿದೆ, ಇದೇ ಮಾತ್ರೆ ಮುಂದುವರಿಸಿ’ ಅಂತ ಬರೆದಿದ್ದರು. ಪಕ್ಕದ ಅಂಕಣದಲ್ಲಿ ತೂಕ 44 ಕೆಜಿಯಿಂದ 41.6ಕ್ಕೆ, ಅಲ್ಲಿಂದ 38.2ಕ್ಕೆ ಇಳಿದಿತ್ತು. ತೂಕವನ್ನು ಬರೆದವರಿದ್ದರು, ಮೇಲಿನಿಂದ ಕೆಳಕ್ಕೆ ಓದಿದವರಿರಲಿಲ್ಲ. ಸಕ್ಕರೆ ಹತೋಟಿಗೆ ಬಂದದ್ದು ಮಾತ್ರೆಯಿಂದಷ್ಟೇ ಅಲ್ಲ, ಹೊಟ್ಟೆಗೆ ಏನೂ ಬೀಳದೆ ಇದ್ದದ್ದರಿಂದ.

ಇದು ಒಂದೇ ಮನೆಯ ವರದಿಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ದಾವಣಗೆರೆ ಜಿಲ್ಲೆಯ ಜಗಳೂರು, ಅದರ ಮಗ್ಗುಲಿನ ಚಿತ್ರದುರ್ಗ ಸೀಮೆಯ ಮಳೆಯಾಶ್ರಿತ ಊರುಗಳಲ್ಲಿ ವಯಸ್ಸಾದವರ ಅಪೌಷ್ಟಿಕತೆಗೆ ಯಾವ್ಯಾವ ಕಾರಣಗಳು ಜೊತೆಜೊತೆಗೇ ಬರುತ್ತವೋ ಅವನ್ನು 74 ವರ್ಷದ ಒಬ್ಬ ಅಜ್ಜಿಯ ಸುತ್ತ ಜೋಡಿಸಲಾಗಿದೆ. ಅಂಕಿಗಳು ಲೆಕ್ಕ ಹಾಕುವ ಬಗೆ ತೋರಿಸಲು ಇಟ್ಟವು. ಲೆಕ್ಕದ ಸೂತ್ರಗಳು, ಮಿತಿಗಳು, ಆಹಾರದ ಪ್ರಮಾಣಗಳು ಚಾಲ್ತಿಯಲ್ಲಿರುವಂಥವೇ.

ಬಿದ್ದ ದಿನ

ಮಂಗಳವಾರ ಬೆಳಗಿನ ಜಾವ ಐದೂವರೆಗೆ ಅಜ್ಜಿ ಬಚ್ಚಲಿನ ಹೊಸ್ತಿಲಲ್ಲಿ ಕುಸಿದರು. ಮೈಯೆಲ್ಲ ಬೆವರು, ಮಾತು ತೊದಲು. ಪಾರ್ಶ್ವವಾಯು ಹೊಡೆಯಿತು ಅಂತಲೇ ಮನೆಯವರು ಅಂದುಕೊಂಡರು. ಓಡಿಬಂದ ಆಶಾ ಕಾರ್ಯಕರ್ತೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. ಸಕ್ಕರೆ ನೀರು ಕುಡಿಸಿದ ಕಾಲು ಗಂಟೆಯಲ್ಲಿ ಮಾತು ಸರಿಹೋಯಿತು. ಮೂಳೆ ಮುರಿದಿರಲಿಲ್ಲ.

ಹಿಂದಿನ ದಿನ ಸೋಮವಾರ. ಅಜ್ಜಿಗೆ ಸೋಮವಾರ ಒಪ್ಪತ್ತು. ಗಂಡ ತೀರಿಕೊಂಡ ಮೇಲೆ ಆ ಒಪ್ಪತ್ತೂ ಹೆಸರಿಗಷ್ಟೇ ಉಳಿದಿತ್ತು: ಸಂಜೆ ಒಂದು ಬಾಳೆಹಣ್ಣು, ಅರ್ಧ ಲೋಟ ಚಹಾ. ಮಾತ್ರೆ ಮಾತ್ರ ಎರಡು ಹೊತ್ತೂ ತಪ್ಪಿಸಿರಲಿಲ್ಲ. ಗ್ಲಿಮೆಪಿರೈಡ್ 2 ಮಿಗ್ರಾಂ, ಮೆಟ್‌ಫಾರ್ಮಿನ್ 500 ಮಿಗ್ರಾಂ ಒಂದೇ ಮಾತ್ರೆಯಲ್ಲಿ ಸೇರಿರುವುದನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದರು. ಗ್ಲಿಮೆಪಿರೈಡ್ ಊಟ ಬಂದಿದೆಯೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹಿಂಡುತ್ತದೆ. ಉಪವಾಸ ಮಾಡುವ ಮಧುಮೇಹಿಗಳಿಗೆ ‘ಊಟ ಬಿಟ್ಟರೆ ಈ ಮಾತ್ರೆ ಬಿಡಿ’ ಅಂತ ಬಾಯಿಬಿಟ್ಟು ಹೇಳದಿದ್ದರೆ ಅವರು ಬಿಡುವುದಿಲ್ಲ. ಮಾತ್ರೆ ತಪ್ಪಿಸುವುದೇ ದೊಡ್ಡ ತಪ್ಪು ಅಂತ ಕಲಿಸಿದವರು ನಾವೇ ತಾನೆ?

ಬೀಳದೆ ಇದ್ದಿದ್ದರೆ ಈ ಪ್ರಕರಣ ಹೊರಗೆ ಬರುತ್ತಲೂ ಇರಲಿಲ್ಲ. ಸುಳಿವುಗಳೇನೋ ಇದ್ದವು. ಕುಪ್ಪಸದ ತೋಳಿಗೆ ಆರು ತಿಂಗಳಲ್ಲಿ ಎರಡು ಸಲ ಒಳಹೊಲಿಗೆ ಹಾಕಿಸಿದ್ದರು. ಮೊದಲ ಹೊಲಿಗೆಯ ದಾರದ ಗುರುತು ಎರಡನೆಯದರಿಂದ ಒಂದು ಬೆರಳು ಆಚೆ ಇತ್ತು. ಚಪ್ಪಲಿ ಕಾಲಿನಿಂದ ಜಾರುತ್ತದೆ ಅಂತ ಕಟ್ಟೆಗೆ ಹೋಗುವುದನ್ನೇ ನಿಲ್ಲಿಸಿದ್ದರು. ‘ವಯಸ್ಸಾಯ್ತಲ್ಲ, ಮೈ ಇಳೀತದೆ’ ಅಂತ ಎಲ್ಲರೂ ಸುಮ್ಮನಾದರು. ವಯಸ್ಸಿನಿಂದ ಮೈ ನಿಧಾನವಾಗಿ ಇಳಿಯುತ್ತದೆ, ಹೌದು. ಆದರೆ ಪ್ರಯತ್ನಪಡದೆ ಆರು ತಿಂಗಳಲ್ಲಿ ತೂಕದ ನೂರಕ್ಕೆ 5ಕ್ಕಿಂತ ಹೆಚ್ಚು ಹೋದರೆ ಅದು ಕಾರಣ ಹುಡುಕಬೇಕಾದ ಇಳಿತ. ಈ ಅಜ್ಜಿಗೆ ಎಂಟು ತಿಂಗಳಲ್ಲಿ 5.8 ಕೆಜಿ, ಅಂದರೆ ನೂರಕ್ಕೆ 13 ಹೋಗಿತ್ತು. ಅದರಲ್ಲಿ ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳದ್ದು.

ಅಳತೆಯಲ್ಲೇ ಒಂದು ಮೋಸ

ಬೆನ್ನು ಬಾಗಿದ್ದ ಅಜ್ಜಿಯನ್ನು ಗೋಡೆಗೆ ಒರಗಿಸಿ ಅಳೆದಾಗ ಎತ್ತರ 146 ಸೆಂಮೀ. ಆ ಲೆಕ್ಕಕ್ಕೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಅಂಕಿ, 17.9, ‘ಸ್ವಲ್ಪ ಕಡಿಮೆ’ ಅನ್ನಿಸುವಂಥದ್ದು. ಬೆನ್ನು ಬಾಗಿದವರ ಎತ್ತರ ಹೀಗೆ ಅಳೆದರೆ ಬಿಎಂಐ ಸುಳ್ಳುಸುಳ್ಳೇ ಚೆನ್ನಾಗಿ ಕಾಣುತ್ತದೆ. ಬದಲಿಗೆ ಒಂದು ತೋಳನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿಸಬೇಕು. ಕತ್ತಿನ ಬುಡದ ಕುಳಿಯಿಂದ ಮಧ್ಯದ ಬೆರಳು–ಉಂಗುರ ಬೆರಳಿನ ಸಂದಿಯವರೆಗೆ ಟೇಪು ಹಿಡಿಯಬೇಕು. ಹೆಂಗಸರಿಗೆ ಆ ಅಳತೆಯನ್ನು 1.35ರಿಂದ ಗುಣಿಸಿ 60.1 ಕೂಡಿಸುವುದು, ಗಂಡಸರಿಗೆ 1.40ರಿಂದ ಗುಣಿಸಿ 57.8 ಕೂಡಿಸುವುದು. ಅಜ್ಜಿಯ ತೋಳಿನ ಅಳತೆ 68 ಸೆಂಮೀ, ಆದ್ದರಿಂದ ನಿಜವಾದ ಎತ್ತರ ಸುಮಾರು 152. ಬಿಎಂಐ 16.6ಕ್ಕೆ ಇಳಿಯಿತು. ಮೀನಖಂಡದ ಸುತ್ತಳತೆ 27 ಸೆಂಮೀ. ಏಷ್ಯಾದ ಮಾನದಂಡದಲ್ಲಿ ಹೆಂಗಸರಿಗೆ 33ಕ್ಕಿಂತ ಕಡಿಮೆಯಾದರೆ ಸ್ನಾಯು ಕರಗಿರುವ ಅನುಮಾನ ಪಡಬೇಕು.

‘ಮಿನಿ ನ್ಯೂಟ್ರಿಷನಲ್ ಅಸೆಸ್‌ಮೆಂಟ್’ ಎಂಬ ಪರೀಕ್ಷೆಯ ಚಿಕ್ಕ ರೂಪದಲ್ಲಿ ಆರೇ ಪ್ರಶ್ನೆ, 14 ಅಂಕ. ಐದು ನಿಮಿಷ ಸಾಕು, ಆಶಾ ಕಾರ್ಯಕರ್ತೆಯೂ ಮಾಡಬಹುದು. ಮೂರು ತಿಂಗಳಲ್ಲಿ ಊಟ ತೀರಾ ಕಡಿಮೆಯಾಗಿದೆ: 0. ಮೂರು ತಿಂಗಳಲ್ಲಿ 3 ಕೆಜಿಗಿಂತ ಹೆಚ್ಚು ಇಳಿದಿದೆ: 0. ಮನೆಯೊಳಗೆ ಓಡಾಡುತ್ತಾರೆ, ಹೊರಗೆ ಹೋಗುವುದಿಲ್ಲ: 1. ಮೂರು ತಿಂಗಳಲ್ಲಿ ಕಾಯಿಲೆ ಅಥವಾ ಮನಸ್ಸಿಗೆ ಪೆಟ್ಟು: ಇದೆ, ಆದ್ದರಿಂದ 0. ಮರೆವಿನ ಕಾಯಿಲೆ ಇಲ್ಲ: 2. ಬಿಎಂಐ 19ರ ಕೆಳಗೆ: 0. ಒಟ್ಟು 3. ಹನ್ನೆರಡು ಅಥವಾ ಅದಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ, 8ರಿಂದ 11 ಅಪಾಯದ ಅಂಚು, 7 ಮತ್ತು ಅದಕ್ಕಿಂತ ಕೆಳಗೆ ಅಪೌಷ್ಟಿಕತೆ. ತೂಕದ ಯಂತ್ರ ಇಲ್ಲದ ಕಡೆ ಬಿಎಂಐ ಬದಲು ಮೀನಖಂಡದ ಅಳತೆಯನ್ನೇ ಬಳಸಬಹುದು. ಅಲ್ಲಿ ಗೆರೆ 31 ಸೆಂಮೀ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4, ಕೆಂಪುಕಣಗಳ ಗಾತ್ರ ದೊಡ್ಡದು, ಬಿ12 142, ಸೋಡಿಯಂ 128, ಪೊಟ್ಯಾಸಿಯಂ 3.4, ಫಾಸ್ಫೇಟ್ 2.4. ಕಣದ ಗಾತ್ರ ಬಿಟ್ಟರೆ ಉಳಿದೆಲ್ಲ ಇರಬೇಕಾದ್ದಕ್ಕಿಂತ ಕಡಿಮೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.9. ಮಧುಮೇಹ ಇರುವ, ತೂಕ ಇಳಿಯುತ್ತಿರುವ ವಯಸ್ಸಾದವರಲ್ಲಿ ಕ್ಷಯ ಇಲ್ಲವೆಂದು ಖಚಿತಮಾಡಿಕೊಳ್ಳದೆ ಮುಂದಕ್ಕೆ ಹೋಗಬಾರದು. ಎಕ್ಸ್‌ರೇ, ಕಫ ಎರಡರಲ್ಲೂ ಏನೂ ಸಿಗಲಿಲ್ಲ. ಥೈರಾಯ್ಡ್ ಸರಿಯಿತ್ತು, ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಗಡ್ಡೆ ಇರಲಿಲ್ಲ. ರಕ್ತದಲ್ಲಿರುವ ಪ್ರೋಟೀನ್ ಆದ ಅಲ್ಬುಮಿನ್ 3.1 ಇತ್ತು. ಅದನ್ನು ಹಿಡಿದು ‘ಪ್ರೋಟೀನ್ ಕಮ್ಮಿ’ ಅನ್ನುವ ರೂಢಿ ಇನ್ನೂ ಹೋಗಿಲ್ಲ. ಅಲ್ಬುಮಿನ್ ಸೋಂಕಿನಲ್ಲಿ, ಉರಿಯೂತದಲ್ಲಿ, ಲಿವರ್ ತೊಂದರೆಯಲ್ಲಿ ಇಳಿಯುತ್ತದೆ. ಊಟದ ಲೆಕ್ಕಕ್ಕೆ ತಕ್ಕಡಿ ಮತ್ತು ಟೇಪು ಅದಕ್ಕಿಂತ ನಂಬಿಕಸ್ಥ.

ತಟ್ಟೆಯ ಲೆಕ್ಕ

‘ಏನು ಊಟ ಮಾಡ್ತೀರಿ?’ ಅಂದರೆ ‘ರೊಟ್ಟಿ, ಅನ್ನ, ಸಾರು, ಮಜ್ಜಿಗೆ’ ಅನ್ನುತ್ತಾರೆ. ಮನೆಯವರೂ ಅದನ್ನೇ ಹೇಳುತ್ತಾರೆ, ಯಾರದ್ದೂ ಸುಳ್ಳಲ್ಲ. ಕೇಳಬೇಕಾದ್ದು ಎಷ್ಟು, ಯಾವ ಹೊತ್ತಿಗೆ, ತಟ್ಟೆಯಲ್ಲಿ ಉಳಿದದ್ದೆಷ್ಟು. ಒಪ್ಪತ್ತಿಲ್ಲದ ಒಂದು ದಿನದ ಇಪ್ಪತ್ನಾಲ್ಕು ಗಂಟೆಯನ್ನು ಹೀಗೆ ಬಿಡಿಸಿದಾಗ ಸಿಕ್ಕಿದ್ದು: ಎರಡು ಸಲ ಚಹಾ, ಒಟ್ಟು 100 ಮಿಲಿ ಹಾಲು. ಜೋಳದ ರೊಟ್ಟಿ ಎರಡು ಹೊತ್ತು ಅರ್ಧರ್ಧ, ಹಿಟ್ಟಿನ ಲೆಕ್ಕದಲ್ಲಿ 60 ಗ್ರಾಂ. ರಾತ್ರಿ ಅನ್ನ, ಅಕ್ಕಿಯ ಲೆಕ್ಕದಲ್ಲಿ 50 ಗ್ರಾಂ. ತಿಳಿಸಾರಿನಲ್ಲಿ ಸಿಗುವ ಬೇಳೆ ಹೆಚ್ಚೆಂದರೆ 8 ಗ್ರಾಂ. ಸಂಜೆ ಒಂದು ಹಿಡಿ ಮಂಡಕ್ಕಿ, 15 ಗ್ರಾಂ. ಮಂಡಕ್ಕಿ ನೋಡಲು ತಟ್ಟೆ ತುಂಬುತ್ತದೆ, ತೂಕಕ್ಕೆ ಹಾಕಿದರೆ ಗಾಳಿ. ನೀರು ಮಜ್ಜಿಗೆ ಒಂದು ಲೋಟ, ಒಗ್ಗರಣೆಯ ಎಣ್ಣೆ ಒಂದು ಚಮಚ. ಎಲ್ಲ ಕೂಡಿಸಿದರೆ ಸುಮಾರು 600 ಕಿಲೋ ಕ್ಯಾಲರಿ, 17 ಗ್ರಾಂ ಪ್ರೋಟೀನ್.

ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 30 ಕಿಲೋ ಕ್ಯಾಲರಿ, ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು. ಕಾಯಿಲೆಯಲ್ಲಿದ್ದರೆ, ಸೊರಗಿದ್ದರೆ ಪ್ರೋಟೀನ್ 1.2ರಿಂದ 1.5 ಗ್ರಾಂ. ಅಜ್ಜಿಯ ತೂಕಕ್ಕೆ ಅದು 1,150 ಕಿಲೋ ಕ್ಯಾಲರಿ, 46ರಿಂದ 57 ಗ್ರಾಂ ಪ್ರೋಟೀನ್. ಶಕ್ತಿ ಬೇಕಾದ್ದರಲ್ಲಿ ಅರ್ಧ ಸಿಗುತ್ತಿತ್ತು, ಪ್ರೋಟೀನ್ ಮೂರನೇ ಒಂದು ಭಾಗ.

ಮನೆಯಲ್ಲಿ ಅಕ್ಕಿಗೆ ಬರ ಇರಲಿಲ್ಲ. ಅನ್ನಭಾಗ್ಯದ ಅಕ್ಕಿ ಚೀಲದಲ್ಲಿತ್ತು, ಹೊಲದ ಜೋಳ ಹಗೇವಿನಲ್ಲಲ್ಲದಿದ್ದರೂ ಡ್ರಮ್ಮಿನಲ್ಲಿತ್ತು. ಹಿತ್ತಲಲ್ಲಿ ಕರೆಯುವ ಎಮ್ಮೆಯೂ ಇತ್ತು. ಅದರ ಹಾಲು ಎರಡು ಹೊತ್ತೂ ಡೇರಿಗೆ ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದುದು ಚಹಾಕ್ಕೆ ಒಂದು ಲೋಟ. ಹಾಲಿನ ಬಟವಾಡೆಯಿಂದಲೇ ಹಿಂಡಿ, ಬೂಸಾ, ಸ್ವಸಹಾಯ ಸಂಘದ ಕಂತು ನಡೆಯಬೇಕಾದಾಗ ಅರ್ಧ ಲೀಟರ್ ಹಾಲು ಅಂದರೆ ದುಡ್ಡು. ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದು ಮೊಮ್ಮಗನ ಸ್ಕೂಲ್ ಆಟೊಗೆ ಹೋಗುತ್ತಿತ್ತು. ಕೊಟ್ಟವರು ಅಜ್ಜಿಯೇ, ಕಿತ್ತುಕೊಂಡದ್ದಲ್ಲ.

ಏಕೆ ತಿನ್ನುತ್ತಿರಲಿಲ್ಲ

ಊರಿನಲ್ಲಿ ಇದಕ್ಕೆ ಒಂದೇ ಉತ್ತರ ಓಡಾಡುತ್ತಿತ್ತು: ‘ಸೊಸೆ ಹಾಕಲ್ಲ’. ಈ ಉತ್ತರ ಸುಲಭ, ಅದಕ್ಕೇ ಅಪಾಯಕಾರಿ. ಸೊಸೆ ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಅತ್ತೆಯ ಪಾಲನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ಎಂಟಕ್ಕೆ ಕೂಲಿಗೆ ಹೋದರೆ ಬರುವುದು ಆರಕ್ಕೆ. ಮಧ್ಯಾಹ್ನ ಒಂದೂವರೆಗೆ ಆ ರೊಟ್ಟಿ ಕಟಕ್ ಅನ್ನುತ್ತದೆ. ಅಜ್ಜಿಗೆ ಉಳಿದಿರುವುದು ಒಂಬತ್ತು ಹಲ್ಲು, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಎದುರು ಬರುವುದು ಒಂದೇ ಕಡೆ. ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಸಾರಿನ ಖಾರ ಸುಲಿದ ನಾಲಗೆಗೆ ತಾಗಿ ಉರಿಯುತ್ತಿತ್ತು. ಬಿ12 ಕೊರತೆಯಲ್ಲಿ ನಾಲಗೆ ಮೇಲಿನ ಕಣಗಳು ಸವೆದು ಅದು ನುಣ್ಣಗೆ ಕೆಂಪಾಗುತ್ತದೆ, ತುಟಿಯ ಮೂಲೆ ಬಿರಿಯುತ್ತದೆ. ಹಾಗಾಗಿ ಅರ್ಧ ತಿಂದು ಉಳಿದದ್ದನ್ನು ಎಮ್ಮೆಗೆ ಹಾಕಿ ತಟ್ಟೆ ತೊಳೆದಿಡುತ್ತಿದ್ದರು. ಸಂಜೆ ಸೊಸೆ ನೋಡುವಾಗ ಬುಟ್ಟಿ ಖಾಲಿ. ಅತ್ತೆ ಉಂಡಿದ್ದಾರೆ ಅಂತ ಆಕೆ ನಂಬಿದ್ದು ಸಹಜ.

ಬಿ12 ಏಕೆ ಇಳಿಯಿತು? ಮನೆಯಲ್ಲಿ ಮೊಟ್ಟೆ–ಮಾಂಸ ಇಲ್ಲ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಹಾಲು–ಮೊಸರಿನಿಂದ, ಆ ಹಾಲು ಡೇರಿಗೆ ಹೋಯಿತು. ಮೇಲೆ ಒಂಬತ್ತು ವರ್ಷದ ಮೆಟ್‌ಫಾರ್ಮಿನ್, ಅದು ಕರುಳಿನಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಅದರ ಮೇಲೆ ಎರಡು ವರ್ಷದಿಂದ ‘ಗ್ಯಾಸ್ಟ್ರಿಕ್ ಮಾತ್ರೆ’ ಪ್ಯಾಂಟೊಪ್ರಜೋಲ್. ಹೊಟ್ಟೆಯ ಆಮ್ಲ ಕಡಿಮೆಯಾದರೆ ಆಹಾರದಿಂದ ಬಿ12 ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಈ ಮಾತ್ರೆ ಯಾವಾಗಲೋ ಹದಿನೈದು ದಿನಕ್ಕೆ ಬರೆದದ್ದು, ನಿಲ್ಲಿಸಿ ಅಂತ ಯಾರೂ ಹೇಳದ್ದರಿಂದ ಮುಂದುವರಿದಿತ್ತು. ಮೆಟ್‌ಫಾರ್ಮಿನ್ ಹಸಿವನ್ನೂ ಕುಂದಿಸುತ್ತದೆ, ಬಾಯಲ್ಲಿ ಕಬ್ಬಿಣ ಕಚ್ಚಿದ ರುಚಿ ಬಿಡುತ್ತದೆ. ದಪ್ಪಗಿರುವ ಮಧ್ಯವಯಸ್ಕರಿಗೆ ಇದೇ ಗುಣ ವರ. 38 ಕೆಜಿಯ ಅಜ್ಜಿಗೆ ಅದೇ ಶಾಪ.

ಪಥ್ಯದ್ದು ಬೇರೆಯೇ ಕಥೆ. ಶುಗರ್ ಇದೆ ಅಂತ ಅನ್ನ ಕಡಿಮೆ ಮಾಡಿ, ಬೆಲ್ಲ–ಹಣ್ಣು ಬಿಡಿ ಅಂದರು. ಬಿಪಿ ಇದೆ ಅಂತ ಉಪ್ಪು ಬಿಡಿ ಅಂದರು. ಶೇಂಗಾ ‘ಕೊಬ್ಬು’ ಅಂತ ಸಂಬಂಧಿಕರೊಬ್ಬರು ಸೇರಿಸಿದರು. ಬೇಳೆ ‘ವಾಯು’ ಅಂತ ಅಜ್ಜಿಯೇ ಬಿಟ್ಟರು. ವಯಸ್ಸಾದಂತೆ ನಾಲಗೆಗೂ ಮೂಗಿಗೂ ರುಚಿ–ವಾಸನೆ ಮಂಕಾಗುತ್ತವೆ, ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಎರಡು ತುತ್ತಿಗೇ ತುಂಬಿದಂತಾಗುತ್ತದೆ. ಅಂಥ ಬಾಯಿಗೆ ಸಪ್ಪೆ ಊಟ ಕೊಟ್ಟರೆ ಸೇರುವುದಾದರೂ ಹೇಗೆ? ನಲವತ್ತೈದರ ಮಧುಮೇಹಿಗೆ ಮಾಡಿದ ಪಥ್ಯದ ಚೀಟಿಯನ್ನು ಎಪ್ಪತ್ತು ದಾಟಿದವರ ಕೈಗೂ ಕೊಡುವುದೇ ಈ ಭಾಗದಲ್ಲಿ ಕಾಣುವ ದೊಡ್ಡ ತಪ್ಪು. ಸೊರಗಿದ ವೃದ್ಧರಿಗೆ ಇಂಥ ಕಟ್ಟುಪಾಡುಗಳನ್ನು ಸಡಿಲಿಸಿ ಎಂದೇ ಪೋಷಣೆಯ ಮಾರ್ಗಸೂಚಿಗಳು ಹೇಳುತ್ತವೆ.

ಸೋಡಿಯಂ 128ಕ್ಕೆ ಇಳಿದದ್ದೂ ಇಲ್ಲಿಗೇ ಸೇರುತ್ತದೆ. ಬಿಪಿಗೆ ಕೊಟ್ಟಿದ್ದ ಎರಡು ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್. ಅದು ಸೋಡಿಯಂ ಹೊರಹಾಕುತ್ತದೆ, ಉಪ್ಪು ಮೊದಲೇ ಬಿಡಿಸಿದ್ದಾರೆ, ಊಟವೂ ಕಡಿಮೆ. ಸೋಡಿಯಂ ಇಳಿದರೆ ವಾಕರಿಕೆ, ತೂರಾಟ. ವಾಕರಿಕೆಯಿಂದ ಊಟ ಇನ್ನೂ ಕಡಿಮೆ. ಪಾಯಿಖಾನೆ ಹಿತ್ತಲಿನಾಚೆ ಇರುವುದರಿಂದ ರಾತ್ರಿ ಏಳಬೇಕಾಗುತ್ತದೆಂದು ಸಂಜೆ ನಾಲ್ಕರ ಮೇಲೆ ನೀರನ್ನೂ ಮುಟ್ಟುತ್ತಿರಲಿಲ್ಲ. ಅದರಿಂದ ಮಲಬದ್ಧತೆ, ಹೊಟ್ಟೆ ಭಾರ, ಮತ್ತೆ ಹಸಿವಿಲ್ಲ.

ಇಷ್ಟೆಲ್ಲದರ ನಡುವೆ, ತೂಕ ಇಳಿಯಲು ಶುರುವಾದದ್ದು ಗಂಡ ತೀರಿಕೊಂಡ ತಿಂಗಳು. ಇಬ್ಬರೂ ಮಧ್ಯಾಹ್ನ ಪಡಸಾಲೆಯಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಅವರಿಗಾಗಿ ಅಜ್ಜಿ ಒಲೆ ಹಚ್ಚಿ ಬಿಸಿ ನುಚ್ಚು ಮಾಡುತ್ತಿದ್ದರು, ಆ ನೆಪದಲ್ಲಿ ತಾವೂ ಉಣ್ಣುತ್ತಿದ್ದರು. ‘ಒಬ್ಬಳಿಗೇನು ಒಲೆ ಹಚ್ಚೋದು’ ಎಂಬ ಮಾತು ಅಜ್ಜಿಯಿಂದ ಹೊರಬಂದದ್ದು ಮೂರನೇ ಸಲ ಕೇಳಿದಾಗ. ಮೊದಲೆರಡು ಸಲ ‘ಹಸಿವಿಲ್ಲಪ್ಪ’ ಅಂದಿದ್ದರು.

‘ಒಂದು ಬಾಟ್ಲಿ ಏರಿಸಿ’

ಆಸ್ಪತ್ರೆಗೆ ಸೇರಿಸಿದ ಕೂಡಲೆ ಮಗ ಕೇಳಿದ್ದು ಗ್ಲೂಕೋಸ್ ಬಾಟ್ಲಿ. ಇಲ್ಲಿ ಆ ಬಾಟ್ಲಿ ಏಕೆ ಅಪಾಯ ಅನ್ನುವುದನ್ನು ಬಿಡಿಸಿ ಹೇಳಬೇಕು.

ಬಹಳ ದಿನ ಅರೆಹೊಟ್ಟೆಯಲ್ಲಿದ್ದ ದೇಹ ಕೊಬ್ಬು ಸುಟ್ಟು ಬದುಕುತ್ತಿರುತ್ತದೆ. ಒಮ್ಮೆಲೇ ಸಕ್ಕರೆ ಬಂದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಅಷ್ಟಿಷ್ಟು ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತ ತಪ್ಪಬಹುದು, ಉಸಿರಾಟದ ಸ್ನಾಯು ಸೋಲಬಹುದು, ಕಾಲು ಬಾತುಕೊಳ್ಳಬಹುದು. ಸಕ್ಕರೆಯನ್ನು ಅರಗಿಸಲು ಬೇಕಾದ ಥಯಮಿನ್, ಅಂದರೆ ಬಿ1, ಮೊದಲೇ ಖಾಲಿಯಾಗಿದ್ದರೆ ಮೆದುಳಿಗೇ ಪೆಟ್ಟು. ಇದಕ್ಕೆ ರೀಫೀಡಿಂಗ್ ತೊಂದರೆ ಅನ್ನುತ್ತಾರೆ. ಬಿಎಂಐ 18.5ಕ್ಕಿಂತ ಕಡಿಮೆ, ಕೆಲವು ತಿಂಗಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ತೂಕ ಇಳಿಕೆ, ಊಟ ಶುರುಮಾಡುವ ಮೊದಲೇ ಫಾಸ್ಫೇಟ್ ಕಡಿಮೆ: ಅಜ್ಜಿಯಲ್ಲಿ ಎಲ್ಲವೂ ಇದ್ದವು. ಸಾಲದ್ದಕ್ಕೆ ಸೋಡಿಯಂ ಕಡಿಮೆ ಇರುವವರಿಗೆ ಬರೀ ಗ್ಲೂಕೋಸ್ ನೀರು ಏರಿಸಿದರೆ ಅದು ಇನ್ನೂ ತೆಳುವಾಗುತ್ತದೆ.

ಸಕ್ಕರೆ 58ಕ್ಕೆ ಇಳಿದಾಗ ಕೊಟ್ಟ ಸಕ್ಕರೆ ನೀರಿನ ಮಾತು ಬೇರೆ. ಅದು ಜೀವ ಉಳಿಸುವ ಕ್ರಮ, ಕೊಡಲೇಬೇಕು.

ಆದ್ದರಿಂದ ಮೊದಲು ಥಯಮಿನ್ 100 ಮಿಗ್ರಾಂ ದಿನಕ್ಕೆ ಮೂರು ಸಲ, ಹತ್ತು ದಿನ. ಊಟ ಮೊದಲೇ 600 ಕಿಲೋ ಕ್ಯಾಲರಿ ಇದ್ದುದರಿಂದ 700ರಿಂದ ಶುರು. ಮೂರನೇ ದಿನ ಫಾಸ್ಫೇಟ್ 2.4ರಿಂದ 2.0ಕ್ಕೆ ಇಳಿಯಿತು. ಇದೇ ಕಾರಣಕ್ಕೆ ಮೂರನೇ ದಿನದ ಪರೀಕ್ಷೆ ತಪ್ಪಿಸಬಾರದು, ಅಜ್ಜಿ ನೋಡಲು ಗೆಲುವಾಗಿಯೇ ಇದ್ದರು. ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಪೂರಕ ಕೊಟ್ಟು, ಊಟ ಏರಿಸುವುದನ್ನು ಎರಡು ದಿನ ತಡೆದರು. ಐದನೇ ದಿನ 2.7ಕ್ಕೆ ಬಂದ ಮೇಲೆ 900, ಒಂಬತ್ತನೇ ದಿನದಿಂದ 1,150. ಮೊದಲ ವಾರದಲ್ಲಿ ತೂಕ 700 ಗ್ರಾಂ ಏರಿತು. ಮನೆಯವರು ಹಿಗ್ಗಿದರು. ಅದು ಮಾಂಸವಲ್ಲ, ನೀರು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು.

ಮಾತ್ರೆಗಳಲ್ಲಿ ಗ್ಲಿಮೆಪಿರೈಡ್, ಹೈಡ್ರೊಕ್ಲೋರೊಥಯಜೈಡ್ ಎರಡನ್ನೂ ವೈದ್ಯರು ನಿಲ್ಲಿಸಿದರು. ಪ್ಯಾಂಟೊಪ್ರಜೋಲ್ ಎರಡು ವಾರದಲ್ಲಿ ದಿನ ಬಿಟ್ಟು ದಿನ ಮಾಡಿ ಬಿಡಿಸಿದರು. ಮೆಟ್‌ಫಾರ್ಮಿನ್ ತಡೆಹಿಡಿದರು. ಬಿಪಿಗೆ ಆಮ್ಲೋಡಿಪಿನ್ ಒಂದೇ ಸಾಕಾಯಿತು. ಬಿ12 1,000 ಮೈಕ್ರೋಗ್ರಾಂ ಇಂಜೆಕ್ಷನ್ ಮೊದಲು ದಿನ ಬಿಟ್ಟು ದಿನ, ನಂತರ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಹೊಸ ರಕ್ತಕಣ ಹುಟ್ಟುವ ಭರದಲ್ಲಿ ಪೊಟ್ಯಾಸಿಯಂ ಇಳಿಯುವುದುಂಟು, ಅದನ್ನೂ ನೋಡಿಕೊಳ್ಳಬೇಕು. ಮಾತ್ರೆ ತಾವೇ ನಿಲ್ಲಿಸುವ ಕೆಲಸವನ್ನು ಮನೆಯವರು ಮಾಡಬಾರದು. ಎಲ್ಲ ಮಾತ್ರೆಯ ಹಾಳೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ‘ಇದರಲ್ಲಿ ಯಾವುದು ಇನ್ನೂ ಬೇಕು?’ ಅಂತ ಕೇಳಬಹುದು.

ಮನೆಯಲ್ಲಿ ಬದಲಾದದ್ದು

ಹೊಸ ಊಟದ ಪಟ್ಟಿಯಲ್ಲಿ ಅಂಗಡಿಯ ಡಬ್ಬಿ ಇರಲಿಲ್ಲ. ಇದ್ದದ್ದು ಹಾಲು, ಶೇಂಗಾ, ಪುಟಾಣಿ, ಬೇಳೆ. ಗುಟ್ಟು ಪ್ರಮಾಣ ಹೆಚ್ಚಿಸುವುದರಲ್ಲಲ್ಲ, ಅದೇ ನಾಲ್ಕು ತುತ್ತಿಗೆ ಸತ್ವ ತುಂಬುವುದರಲ್ಲಿ.

ಬೆಳಿಗ್ಗೆ ಆರೂವರೆಗೆ 150 ಮಿಲಿ ಎಮ್ಮೆ ಹಾಲು. ಎಂಟೂವರೆಗೆ 40 ಗ್ರಾಂ ಜೋಳದ ನುಚ್ಚು, ಅರ್ಧ ಬಟ್ಟಲು ಗಟ್ಟಿ ಮೊಸರು, ಮೇಲೆ ಒಂದು ದೊಡ್ಡ ಚಮಚ ಶೇಂಗಾ ಪುಡಿ. ಹನ್ನೊಂದಕ್ಕೆ 30 ಗ್ರಾಂ ಪುಟಾಣಿ ಪುಡಿಯನ್ನು 100 ಮಿಲಿ ಹಾಲಿನಲ್ಲಿ ಕಲಸಿ, ನೆಲ್ಲಿಕಾಯಿ ಗಾತ್ರದ ಬೆಲ್ಲ. ಮಧ್ಯಾಹ್ನ 50 ಗ್ರಾಂ ಅಕ್ಕಿಯ ಮೆತ್ತನೆ ಅನ್ನಕ್ಕೆ 30 ಗ್ರಾಂ ತೊಗರಿಬೇಳೆ ಹಾಕಿದ ಗಟ್ಟಿ ಸೊಪ್ಪಿನ ಪಪ್ಪು, ಒಂದು ಚಮಚ ತುಪ್ಪ. ಸಂಜೆ ಚಹಾದ ಜೊತೆ ನೀರಲ್ಲಿ ತೋಯಿಸಿ ಹಿಂಡಿದ ಒಗ್ಗರಣೆ ಮಂಡಕ್ಕಿ. ಇದು ದಾವಣಗೆರೆಯವರ ಬಾಯಿಗೆ ಹೇಗೂ ಬೇಡವೆನ್ನದ ತಿಂಡಿ, ಮೇಲೆ 15 ಗ್ರಾಂ ಪುಟಾಣಿ ಪುಡಿ ಉದುರಿಸಿದರೆ ಗಾಳಿಗೂ ತೂಕ ಬರುತ್ತದೆ. ರಾತ್ರಿ ಬಿಸಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಜೊತೆಗೆ ಮೆತ್ತಗೆ ಬೆಂದ ಹೆಸರುಕಾಳಿನ ಪಲ್ಯ. ಮೂರನೇ ವಾರದ ಹೊತ್ತಿಗೆ ಇದು ಪೂರ್ತಿ ಹೋಗತೊಡಗಿತು: ಸುಮಾರು 1,450ರಿಂದ 1,500 ಕಿಲೋ ಕ್ಯಾಲರಿ, 55 ಗ್ರಾಂ ಪ್ರೋಟೀನ್. ಡೇರಿಗೆ ಹೋಗುವ ಹಾಲಿನಲ್ಲಿ ಕಡಿಮೆಯಾದದ್ದು ದಿನಕ್ಕೆ ಅರ್ಧ ಲೀಟರ್. ಪಿಂಚಣಿಯ 1,200 ಅದಕ್ಕೆ ಹೊಂದಿಕೆಯಾಯಿತು, ಆಟೊ ಬದಲು ಹುಡುಗ ಬಸ್ಸಿಗೆ ಹೋದ. ಈ ಎರಡು ಸಾಲಿನ ಲೆಕ್ಕ ಒಪ್ಪಿಸಲು ಹಿಡಿದದ್ದು ಎರಡು ಸಂಜೆ. ಒಪ್ಪದೆ ಇದ್ದವರು ಅಜ್ಜಿಯೇ.

ಸೊಸೆಯ ಕೆಲಸ ಹೆಚ್ಚಾಗದಂತೆ ನೋಡಿಕೊಂಡದ್ದು ಯೋಜನೆ ಉಳಿಯಲು ಮುಖ್ಯ ಕಾರಣ. ಬೆಳಿಗ್ಗೆ ಕುಕ್ಕರಿನಲ್ಲಿ ಅನ್ನ–ಬೇಳೆ ಇಟ್ಟು ಹಾಟ್‌ಬಾಕ್ಸಿಗೆ ಹಾಕುವುದು ರೊಟ್ಟಿ ಬಡಿಯುವುದಕ್ಕಿಂತ ಹಗುರ. ಶೇಂಗಾ ಪುಡಿ, ಪುಟಾಣಿ ಪುಡಿ ಭಾನುವಾರ ಒಮ್ಮೆ ಮಾಡಿದರೆ ವಾರಕ್ಕೆ ಸಾಕು. ತಟ್ಟೆಯಲ್ಲಿ ಉಳಿದದ್ದನ್ನು ಎಮ್ಮೆಗೆ ಹಾಕದೆ ಮುಚ್ಚಿಡಬೇಕು ಎಂಬ ಕರಾರು ಆಯಿತು. ಬೈಯಲಿಕ್ಕಲ್ಲ, ಯಾವುದು ಸೇರುವುದಿಲ್ಲ ಅಂತ ತಿಳಿಯಲಿಕ್ಕೆ. ಪಕ್ಕದ ಮನೆಯ ಇನ್ನೊಬ್ಬ ಅಜ್ಜಿ ತನ್ನ ತಟ್ಟೆ ತಂದುಕೊಂಡು ಮಧ್ಯಾಹ್ನ ಇಲ್ಲೇ ಕೂರತೊಡಗಿದರು. ಯಾವ ಟಾನಿಕ್ಕಿಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಇದೇ ಇರಬೇಕು. ಅಳೆದು ತೋರಿಸುವ ದಾರಿಯಿಲ್ಲ ಅಷ್ಟೆ.

ಹಿತ್ತಲಿಗೆ ಒಂದು ಬಲ್ಬು, ಮಂಚದ ಪಕ್ಕ ರಾತ್ರಿಗೊಂದು ಕಮೋಡ್ ಕುರ್ಚಿ ಬಂದ ಮೇಲೆ ಸಂಜೆಯ ನೀರು ಶುರುವಾಯಿತು. ಹೆಂಗಸರಿಗೆ ದಿನಕ್ಕೆ ಕುಡಿಯುವುದೆಲ್ಲ ಸೇರಿ 1.6 ಲೀಟರ್ ಗುರಿ. ಸ್ನಾಯು ಬೆಳೆಯಲು ಊಟ ಮಾತ್ರ ಸಾಲದು. ಗೋಡೆಗೆ ತಾಗಿಸಿದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಐದು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ದಿನ ಐದು ಸಲ ಏಳಲು 22 ಸೆಕೆಂಡ್ ಬೇಕಾಯಿತು.

ಎಡವಿದ ಕಡೆಗಳು

ಮೊದಲ ವಾರದಲ್ಲೇ ಹೊಟ್ಟೆ ಕೆಟ್ಟಿತು. ವರ್ಷಗಟ್ಟಲೆ ಚಹಾದ ಹಾಲು ಬಿಟ್ಟರೆ ಬೇರೆ ಹಾಲು ಕಾಣದ ಕರುಳಿಗೆ 400 ಮಿಲಿ ಹೆಚ್ಚಾಗಿತ್ತು. ಅರ್ಧವನ್ನು ಮೊಸರಿಗೆ ಬದಲಿಸಿ, ಎರಡು ವಾರದಲ್ಲಿ ನಿಧಾನವಾಗಿ ಹಾಲು ಏರಿಸಿದ ಮೇಲೆ ಸರಿಹೋಯಿತು.

ನಾಲ್ಕನೇ ವಾರ ಊಟದ ನಂತರದ ಸಕ್ಕರೆ 210 ಬಂತು. ಮಗ ಗಾಬರಿಯಾಗಿ ಬೆಲ್ಲ, ಅನ್ನ ಎರಡನ್ನೂ ನಿಲ್ಲಿಸಿಬಿಟ್ಟ. ನಾಲ್ಕು ದಿನದಲ್ಲಿ ತಟ್ಟೆ ಮತ್ತೆ ಹಳೆಯ ಸ್ಥಿತಿಗೆ. ಸೊರಗಿದ ವೃದ್ಧರಲ್ಲಿ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು. 5.9 ಅನ್ನುವುದು ಹೆಮ್ಮೆಯ ಅಂಕಿಯಲ್ಲ, ಬೀಳುವ ಮುನ್ಸೂಚನೆ. ಇದನ್ನು ವೈದ್ಯರು ಕಾರ್ಡಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಮನೆಯವರ ಭಯಕ್ಕಿಂತಲೂ, ಮುಂದಿನ ಸಲ ಬೇರೆ ಯಾರೋ ಕಾರ್ಡ್ ನೋಡಿ ಹಳೆಯ ಮಾತ್ರೆ ಮತ್ತೆ ಬರೆಯಬಾರದು ಎಂಬುದಕ್ಕೆ.

ಆರನೇ ವಾರ ತೂಕ 400 ಗ್ರಾಂ ಇಳಿಯಿತು. ಹುಡುಕಿದರೆ, ಬೆಂಗಳೂರಿನಿಂದ ಬಂದ ಮಗಳು ಪ್ರೀತಿಯಿಂದ ಪ್ರೋಟೀನ್ ಪೌಡರ್ ಡಬ್ಬಿ ತಂದಿದ್ದಳು. ಹನ್ನೆರಡಕ್ಕೆ ಒಂದು ದೊಡ್ಡ ಲೋಟ ಕುಡಿದ ಅಜ್ಜಿಗೆ ಒಂದೂವರೆಗೆ ಊಟ ಬೇಡವಾಗಿತ್ತು. ಪೌಡರು ತಪ್ಪಲ್ಲ, ಹೊತ್ತು ತಪ್ಪು. ಅದನ್ನು ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆಗೆ ಸರಿಸಿದರು.

ಸೋಮವಾರದ ಒಪ್ಪತ್ತನ್ನು ಬಿಡಿಸಲು ಯಾರೂ ಹೋಗಲಿಲ್ಲ, ಹೋಗಬಾರದು ಕೂಡ. ಹಾಲು, ಮೊಸರು, ಬಾಳೆಹಣ್ಣು, ಶೇಂಗಾ, ಸಬ್ಬಕ್ಕಿ ಒಪ್ಪತ್ತಿಗೆ ನಡೆಯುತ್ತವೆ ಅಂತ ಅಜ್ಜಿಯ ಬಾಯಿಂದಲೇ ಬಂತು. ಅಷ್ಟರಲ್ಲೇ 900 ಕಿಲೋ ಕ್ಯಾಲರಿ ಹೊಂದಿಸಬಹುದು.

ಹನ್ನೆರಡನೇ ವಾರ

ತೂಕ 41.9 ಕೆಜಿ. ಎದ್ದು ಕೂರುವುದು 15 ಸೆಕೆಂಡಿಗೆ ಬಂದಿದೆ, ಏಷ್ಯಾದ ಮಾನದಂಡದ 12ಕ್ಕೆ ಇನ್ನೂ ದೂರ. ಮೀನಖಂಡ 28.5. ಹಿಮೋಗ್ಲೋಬಿನ್ 11.1, ಸೋಡಿಯಂ 136, ನಾಲಗೆ ಉರಿ ಇಲ್ಲ. ಖಾಲಿ ಹೊಟ್ಟೆಯ ಸಕ್ಕರೆ 138, ಎಚ್‌ಬಿಎ1ಸಿ 7.2, ಸಕ್ಕರೆಗೆ ಸದ್ಯ ಮಾತ್ರೆಯಿಲ್ಲ. ಅಲ್ಲಾಡುತ್ತಿದ್ದ ಎರಡು ಹಲ್ಲಿನ ಬೇರು ತೆಗೆಸಿ ಒಸಡು ಮಾಯ್ದಿದೆ. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿರುವುದರಿಂದ ಕಟ್ಟುಹಲ್ಲಿಗೆ ಬೇರೆ ಊರು ಅಲೆಯಬೇಕಿಲ್ಲ. ಆದರೆ ತೂಕ ಒಂದು ಹದಕ್ಕೆ ನಿಲ್ಲುವ ಮೊದಲು ಅಚ್ಚು ತೆಗೆದರೆ ಕೆನ್ನೆ–ಒಸಡು ತುಂಬಿದಂತೆ ಹಲ್ಲಿನ ಸೆಟ್ಟು ಒತ್ತುತ್ತದೆ. ಅದಕ್ಕೇ ಇನ್ನೊಂದು ತಿಂಗಳು ಕಾಯುವುದೆಂದಾಯಿತು.

ವಯಸ್ಸಾಗುವವರ ಸ್ಥಿತಿಗತಿ ಅಳೆಯುವ ‘ಲಾಸಿ’ ಎಂಬ 2017–18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ 60 ದಾಟಿದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನ ಕಡಿಮೆ ತೂಕದವರು. ಅವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಇಂಥದ್ದೇ ಒಂದು ಕಾರ್ಡ್ ಇದ್ದೀತು. ಈ ಊರಿನ ಆಶಾ ಕಾರ್ಯಕರ್ತೆ ಈಗ ಕಾರ್ಡಿನ ತುದಿಯಲ್ಲಿ ಪೆನ್ಸಿಲಿನಿಂದ ಒಂದು ಅಂಕಿ ಬರೆದಿಡುತ್ತಾರೆ: ಮೊದಲ ತೂಕದ ನೂರಕ್ಕೆ 95. ಅಜ್ಜಿಯದ್ದಾಗಿದ್ದರೆ 41.8. ತೂಕ ಅದಕ್ಕಿಂತ ಕೆಳಗೆ ಬಂದ ದಿನ ಸಕ್ಕರೆ ಎಷ್ಟೇ ಚೆನ್ನಾಗಿದ್ದರೂ ಮನೆಗೆ ಹೋಗಿ ಮಧ್ಯಾಹ್ನದ ತಟ್ಟೆ ನೋಡುವುದು. ಕಳೆದ ತಿಂಗಳು ಹಾಗೆ ಹೋದ ಎರಡನೇ ಮನೆಯಲ್ಲಿ ಸಿಕ್ಕಿದ್ದು ಒಬ್ಬ ತಾತ. ಅಲ್ಲಿ ಹಲ್ಲೂ ಇದ್ದವು, ಹಾಲೂ ಇತ್ತು. ನುಂಗುವಾಗ ಕೆಮ್ಮು ಬರುತ್ತಿತ್ತು.